ಸಿಇಟಿ ಬರೆಯಬೇಕೇ, ಬೇರೆ ದಾರಿ ಹಿಡಿಯಬೇಕೇ?

ಈ ಪ್ರಶ್ನೆ ನಮ್ಮ ಬಹುತೇಕ ಮನೆಗಳಲ್ಲಿ ಎರಡು ವರ್ಷ ತಡವಾಗಿ ಏಳುತ್ತದೆ. ದ್ವಿತೀಯ ಪಿಯು ಮುಗಿದು, ಸಿಇಟಿ ರ‍್ಯಾಂಕ್ ಲಕ್ಷ ದಾಟಿ, ಬೇಕಾದ ಕಾಲೇಜು ಕೈತಪ್ಪಿದ ಮೇಲೆ ಅಪ್ಪ-ಅಮ್ಮ ಮೇಷ್ಟ್ರನ್ನು ಹುಡುಕಿಕೊಂಡು ಬರುತ್ತಾರೆ: 'ಬೇರೆ ಏನಾದ್ರೂ ದಾರಿ ಇದೆಯಾ ಸಾರ್?' ದಾರಿಗಳೇನೋ ಇವೆ. ಆದರೆ ಅವುಗಳಲ್ಲಿ ತುಂಬ ಒಳ್ಳೆಯದೊಂದು ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ಕವಲೊಡೆದು ಹೋಗಿರುತ್ತದೆ. ಪ್ರವೇಶ ಪರೀಕ್ಷೆಯ ದಾರಿಯೋ ಮತ್ತೊಂದೋ ಎಂಬ ಮಾತನ್ನು ಹತ್ತನೇ ತರಗತಿಯ ಫಲಿತಾಂಶ ಬಂದ ವಾರದಲ್ಲೇ ಮನೆಯವರೆಲ್ಲ ಕೂತು ಆಡಬೇಕು, ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು. ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕಾಗಿ.

ಮೊದಲು ಸಿಇಟಿ, ಅಂದರೆ ವೃತ್ತಿ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ ಬಗ್ಗೆ. ಅದನ್ನು ಬೈಯುವವರ ಗುಂಪಿಗೆ ನಾನು ಸೇರಿದವನಲ್ಲ. 1994ರಲ್ಲಿ ಅದು ಶುರುವಾಗುವ ಮುಂಚೆ ನಮ್ಮ ರಾಜ್ಯದ ಖಾಸಗಿ ವೃತ್ತಿ ಕಾಲೇಜುಗಳು ಕ್ಯಾಪಿಟೇಷನ್ ಶುಲ್ಕಕ್ಕೆ ದೇಶದಲ್ಲೇ ಹೆಸರಾಗಿದ್ದವು. ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಕರ್ನಾಟಕ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ 1992ರಲ್ಲಿ ಆ ಶುಲ್ಕದ ವಿರುದ್ಧ ತೀರ್ಪು ಪಡೆದರು. ಮರುವರ್ಷ ಅದೇ ವಿಷಯದಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ಅದರ ಬೆನ್ನಿಗೇ ನಮ್ಮಲ್ಲಿ ಸಿಇಟಿ ಬಂತು. ಹಣವೂ ಇಲ್ಲದೆ, ಪರಿಚಯದವರೂ ಇಲ್ಲದೆ, ಬರೀ ರ‍್ಯಾಂಕಿನ ಬಲದಿಂದ ಬೆಂಗಳೂರು-ಮೈಸೂರಿನ ಕಾಲೇಜು ಸೇರಿದ ಹಳ್ಳಿ ಮಕ್ಕಳ ಒಂದು ತಲೆಮಾರೇ ನಮ್ಮ ನಡುವೆ ಇದೆ. ಆ ಬಾಗಿಲು ಇನ್ನೂ ತೆರೆದಿದೆ. ಅದು ಯಾವ ಮಗುವಿಗೆ ಸರಿಹೊಂದುತ್ತದೆ ಎಂಬುದು ಬೇರೆ ಮಾತು.

ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಓದುವುದು, ಲೆಕ್ಕ ಮಾಡುವುದು, ಓಎಂಆರ್ ಹಾಳೆಯ ವೃತ್ತಕ್ಕೆ ಮಸಿ ತುಂಬುವುದು ಎಲ್ಲ ಅಷ್ಟರಲ್ಲೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದು ವೃತ್ತವನ್ನೂ ಖಾಲಿ ಬಿಡಬಾರದು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿಯ ಅದೇ ಮೂರು ವಿಷಯಗಳ ಅಂಕ ಇನ್ನರ್ಧ. ಇದು ಎಲ್ಲರಿಗೂ ಗೊತ್ತು. ಅದರೊಳಗಿನ ಲೆಕ್ಕವನ್ನು ಮಾತ್ರ ಯಾರೂ ಮಾಡಿ ನೋಡುವುದಿಲ್ಲ.

ಒಬ್ಬ ಹುಡುಗಿಗೆ ಪಿಯುಸಿಯ ಮೂರು ವಿಷಯಗಳಲ್ಲಿ 300ಕ್ಕೆ 270 ಬಂದಿದೆ ಎನ್ನಿ, ಸಿಇಟಿಯಲ್ಲಿ 180ಕ್ಕೆ 90. ಮೊದಲನೆಯದು ಶೇ 90, ಎರಡನೆಯದು ಶೇ 50. ಎರಡರ ಅರ್ಧರ್ಧ ಕೂಡಿದರೆ 45 ಮತ್ತು 25, ಒಟ್ಟು 70. ಇನ್ನೊಬ್ಬನಿಗೆ ಪಿಯುಸಿಯಲ್ಲಿ 240 ಮಾತ್ರ, ಸಿಇಟಿಯಲ್ಲಿ 120. ಅವನದು 40 ಮತ್ತು 33.33, ಒಟ್ಟು 73.33. ಬೋರ್ಡ್ ಪರೀಕ್ಷೆಯಲ್ಲಿ 30 ಅಂಕ ಹಿಂದಿದ್ದವನು ರ‍್ಯಾಂಕಿನಲ್ಲಿ ಮುಂದೆ ಹೋದ. ಸಿಇಟಿಯ ಒಂದು ಅಂಕ ಪಿಯುಸಿಯ ಸುಮಾರು 1.67 ಅಂಕಕ್ಕೆ ಸಮ. ಕಾರಣ ಇಷ್ಟೇ, ಒಂದು ಕಡೆ 180ಕ್ಕೆ ಭಾಗಿಸುತ್ತಾರೆ, ಇನ್ನೊಂದು ಕಡೆ 300ಕ್ಕೆ. ಹಾಗೆಂದು ಪಿಯುಸಿಯನ್ನು ಕಡೆಗಣಿಸುವಂತಿಲ್ಲ. ಆ ಮೂರು ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಮೀಸಲು ವರ್ಗಕ್ಕೆ ಶೇ 40 ಬರದಿದ್ದರೆ ಸಿಇಟಿಯಲ್ಲಿ ಎಷ್ಟೇ ಬಂದರೂ ಎಂಜಿನಿಯರಿಂಗ್ ಸೀಟಿಲ್ಲ. 2024ರಿಂದ ಪಿಯು ಪರೀಕ್ಷೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತಿದೆ, ಉತ್ತಮ ಅಂಕ ಉಳಿಸಿಕೊಳ್ಳಬಹುದು. ಮೊದಲ ಪರೀಕ್ಷೆಯಲ್ಲಿ ಕೆಲವೇ ಅಂಕಕ್ಕೆ ಸೋತವರು ಅಳುತ್ತ ಕೂರದೆ ಎರಡನೆಯದಕ್ಕೆ ಹೆಸರು ನೋಂದಾಯಿಸಬೇಕು.

ನಿಮ್ಮ ಮಗುವಿಗೆ ಈ ಬಗೆಯ ಪರೀಕ್ಷೆ ಒಗ್ಗುತ್ತದೆಯೇ ಎಂದು ತಿಳಿಯಲು ಕೋಚಿಂಗ್ ಸೆಂಟರಿನವರನ್ನು ಕೇಳಬೇಕಾಗಿಲ್ಲ. ಅವರು ಒಗ್ಗುತ್ತದೆ ಎಂದೇ ಹೇಳುತ್ತಾರೆ. ಪ್ರಥಮ ಪಿಯು ಮುಗಿದ ರಜೆಯಲ್ಲಿ ಒಂದು ಹಳೆಯ ಸಿಇಟಿ ಪ್ರಶ್ನೆಪತ್ರಿಕೆ ತಂದು, ಅದರಲ್ಲಿ ಮೊದಲ ವರ್ಷದ ಪಾಠಕ್ಕೆ ಸೇರಿದ ಪ್ರಶ್ನೆಗಳನ್ನಷ್ಟೇ ಗುರುತು ಮಾಡಿ, ಗಡಿಯಾರ ಎದುರಿಟ್ಟು, ಪ್ರಶ್ನೆಗೆ 80 ಸೆಕೆಂಡಿನ ಲೆಕ್ಕದಲ್ಲಿ ಬರೆಸಿ. ಆಮೇಲೆ ಅವೇ ಪ್ರಶ್ನೆಗಳನ್ನು ಸಮಯದ ಹಂಗಿಲ್ಲದೆ ಇನ್ನೊಮ್ಮೆ ಬಿಡಿಸಲು ಹೇಳಿ. ಎರಡು ಸಲವೂ ಅಂಕ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಕೊರತೆ ಇರುವುದು ಓದಿನಲ್ಲಿ, ಅದನ್ನು ತುಂಬಬಹುದು. ಸಮಯ ಕೊಟ್ಟಾಗ ಎರಡು ಪಟ್ಟು ಬಂದರೆ ಮಗುವಿಗೆ ವಿಷಯ ಗೊತ್ತು, ವೇಗವಷ್ಟೇ ಇಲ್ಲ. ಎರಡನೆಯ ಬಗೆಯ ಮಕ್ಕಳು ಸಾವಿರಾರು ಇದ್ದಾರೆ. ಅವರನ್ನು ದಡ್ಡರೆಂದು ಕರೆಯುವುದು ನಮ್ಮ ಕಾಲದ ದೊಡ್ಡ ಅನ್ಯಾಯ.

ಒಂದೆರಡು ದಿನದ ಪರೀಕ್ಷೆಯನ್ನು ನಂಬಿ ಕೂರುವುದರಲ್ಲಿ ಇನ್ನೊಂದು ಅಪಾಯವೂ ಇದೆ. 2024ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆಯೇ ರದ್ದಾದಾಗ ಸಿಇಟಿ ಅಂಕವೊಂದನ್ನೇ ಲೆಕ್ಕಕ್ಕೆ ಹಿಡಿದರು. ಮುಂದಿನ ವರ್ಷ ಅದೇ ಬ್ಯಾಚಿನವರು ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಪರಿಗಣಿಸಬೇಕೇ ಬೇಡವೇ ಎಂಬ ಜಗಳ ಹೈಕೋರ್ಟ್ ಹತ್ತಿ, ಸೀಟು ಹಂಚಿಕೆ ತಡವಾಯಿತು. ಹಾಗಾಗಿ ಅಣ್ಣನಿಗೆ ಅನ್ವಯಿಸಿದ ನಿಯಮ ತಂಗಿಗೂ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಆಯಾ ವರ್ಷ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹೊರಡಿಸುವ ಮಾಹಿತಿ ಪುಸ್ತಿಕೆಯನ್ನು ಮನೆಯಲ್ಲಿ ಒಬ್ಬರಾದರೂ ಪೂರ್ತಿ ಓದಲೇಬೇಕು.

ಸಿಇಟಿಯಲ್ಲದೆ ಬೇರೆ ಪ್ರವೇಶ ಪರೀಕ್ಷೆಗಳೂ ಇವೆ. ಖಾಸಗಿ ಕಾಲೇಜುಗಳ ಕಾಮೆಡ್-ಕೆ ಪರೀಕ್ಷೆಯಲ್ಲಿ 180 ಪ್ರಶ್ನೆ, ಮೂರು ಗಂಟೆ, ಕಂಪ್ಯೂಟರಿನಲ್ಲಿ. ಅಲ್ಲೂ ಅಂಕ ಕಳೆಯುವುದಿಲ್ಲ. ಪಿಯು ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ 45ರಷ್ಟು ಸೀಟು ಸರ್ಕಾರದ ಪಾಲು, ಶೇ 30 ಕಾಮೆಡ್-ಕೆ ಪಾಲು, ಉಳಿದದ್ದು ಆಡಳಿತ ಮಂಡಳಿಯದು. ಅದೇ ತರಗತಿ, ಅದೇ ಬೆಂಚು, ಶುಲ್ಕ ಮಾತ್ರ ಬೇರೆ. ಕಾಮೆಡ್-ಕೆ ಶುಲ್ಕ ಸರ್ಕಾರಿ ಸೀಟಿನದಕ್ಕಿಂತ ಬಹಳ ಹೆಚ್ಚು. ನಾಲ್ಕು ವರ್ಷದ್ದನ್ನು ಕೂಡಿ ನೋಡಿದ ಮೇಲೆಯೇ ಅರ್ಜಿ ಹಾಕಿ. ಜೆಇಇ ಮೇನ್ ಮತ್ತು ನೀಟ್‌ನಲ್ಲಿ ತಪ್ಪಿಗೆ ಒಂದಂಕ ಕಳೆಯುತ್ತಾರೆ, ಆದ್ದರಿಂದ ಸಿಇಟಿಯ ಅಭ್ಯಾಸಬಲದಲ್ಲಿ ಎಲ್ಲಕ್ಕೂ ಗುರುತು ಹಾಕಿದರೆ ನಷ್ಟ. ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೇ ಇದೆ ಎಂಬುದನ್ನು ನೆನಪಿಟ್ಟರೆ ಜೆಇಇ ಮೇನ್ ಬರೆಯಲು ಒಂದು ಗಟ್ಟಿ ಕಾರಣ ಸಿಕ್ಕಂತೆ. ವೈದ್ಯಕೀಯ, ದಂತ ವೈದ್ಯಕೀಯ, ಆಯುರ್ವೇದಕ್ಕೆ ನೀಟ್ ಬಿಟ್ಟರೆ ದಾರಿಯಿಲ್ಲ. ಬೇರೆ ದಾರಿ ಇದೆ ಎಂದು ಯಾರಾದರೂ ಫೋನ್ ಮಾಡಿದರೆ ಫೋನ್ ಇಟ್ಟುಬಿಡಿ.

ಇನ್ನು, ಹತ್ತನೇ ತರಗತಿಯಲ್ಲೇ ಕವಲೊಡೆಯುವ ಆ ದಾರಿ: ಡಿಪ್ಲೊಮಾ. ಪಾಲಿಟೆಕ್ನಿಕ್ ಎಂದರೆ ಪಿಯುಸಿ ಓದಲಾಗದವರು ಹೋಗುವ ಜಾಗ ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಅದನ್ನು ಕಿತ್ತುಹಾಕಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಪ್ರವೇಶ ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದರೆ ನೇರವಾಗಿ ಬಿಇ ಎರಡನೇ ವರ್ಷಕ್ಕೆ. ವರ್ಷಗಳನ್ನು ಕೂಡಿ ನೋಡಿ: ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಬಿಇ ಮೂರು, ಆಗಲೂ ಆರೇ. ಒಂದು ವರ್ಷವೂ ನಷ್ಟವಿಲ್ಲ, ಕೊನೆಯಲ್ಲಿ ಕೈಗೆ ಬರುವ ಪದವಿಯೂ ಅದೇ.

ವ್ಯತ್ಯಾಸ ಇರುವುದು ನಡುವಿನಲ್ಲಿ. ಪಿಯು ವಿಜ್ಞಾನ ಓದಿದವನ ಕೈಯಲ್ಲಿ ಎರಡು ವರ್ಷದ ಕೊನೆಗೆ ಅಂಕಪಟ್ಟಿ ಇರುತ್ತದೆ. ಡಿಪ್ಲೊಮಾದವನು ಅಷ್ಟು ಹೊತ್ತಿಗೆ ವರ್ಕ್‌ಶಾಪಿನಲ್ಲಿ ಕಬ್ಬಿಣದ ಪಟ್ಟಿಯನ್ನು ವೈಸಿಗೆ ಕಚ್ಚಿಸಿ, ಅರದಿಂದ ಉಜ್ಜಿ, ಮೂಲೆಮಟ್ಟ ಹಿಡಿದು ಬೆಳಕಿಗೆ ಒಡ್ಡಿ, ಎಲ್ಲಿ ಕಿಂಡಿ ಕಾಣುತ್ತದೆಯೋ ಅಲ್ಲಿ ಮತ್ತೆ ಉಜ್ಜುವುದನ್ನು ಕಲಿತಿರುತ್ತಾನೆ. ಆಮೇಲೆ ಎಂಜಿನಿಯರಿಂಗ್ ತರಗತಿಯಲ್ಲಿ ಅಳತೆಯ ಸಣ್ಣ ವ್ಯತ್ಯಾಸದ ಪಾಠ ಬಂದಾಗ ಅವನಿಗೆ ಅದು ಬರೀ ಸೂತ್ರವಲ್ಲ, ಕೈಗೆ ಗೊತ್ತಿರುವ ವಿಷಯ. ಮನೆಯಲ್ಲಿ ಕಷ್ಟ ಬಂದು ಓದು ನಿಲ್ಲಿಸಬೇಕಾದರೂ ಮೂರನೇ ವರ್ಷದ ಕೊನೆಗೆ ಒಂದು ಕೆಲಸ ಹಿಡಿಯುವ ಅರ್ಹತೆ ಇರುತ್ತದೆ. ಲೋಕೋಪಯೋಗಿಯಂಥ ಇಲಾಖೆಗಳ ಕಿರಿಯ ಎಂಜಿನಿಯರ್ ಹುದ್ದೆಗೆ ಕೇಳುವುದು ಡಿಪ್ಲೊಮಾವನ್ನೇ. ಬಡವರ ಮನೆಯ ಮಗುವಿಗೆ ಇದು ಸಣ್ಣ ಭದ್ರತೆಯಲ್ಲ. ಐಟಿಐ ಓದಿದವರಿಗೂ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಹತ್ತನೇ ತರಗತಿಯಾದ ಮೇಲೆ ಐಟಿಐಗೆ ಹೋದವನು ಒಂದೊಂದೇ ಮೆಟ್ಟಿಲು ಹತ್ತಿ ಬಿಇವರೆಗೂ ಹೋಗಬಹುದು.

ತೊಂದರೆಗಳನ್ನೂ ಹೇಳಬೇಕು. ಡಿಸಿಇಟಿಯೂ ಪ್ರವೇಶ ಪರೀಕ್ಷೆಯೇ. ಡಿಪ್ಲೊಮಾ ಹಿಡಿದರೆ ಪರೀಕ್ಷೆ ತಪ್ಪುವುದಿಲ್ಲ, ಒಂದು ವರ್ಷ ಮುಂದಕ್ಕೆ ಹೋಗುತ್ತದೆ ಅಷ್ಟೆ. ಆದರೆ ಅಲ್ಲಿ ಸ್ಪರ್ಧೆ ಡಿಪ್ಲೊಮಾದವರ ನಡುವೆ ಮಾತ್ರ. ದೊಡ್ಡ ಪೆಟ್ಟು ಬೀಳುವುದು ಗಣಿತದಲ್ಲಿ. ಪಿಯುಸಿಯವರು ಬಿಇ ಮೊದಲ ವರ್ಷದಲ್ಲಿ ಓದಿದ ಗಣಿತ ಇವರಿಗೆ ತಪ್ಪಿರುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು) ಇದಕ್ಕಾಗಿಯೇ ಹೆಚ್ಚುವರಿ ಗಣಿತ ಓದಿ ಪಾಸಾಗಬೇಕಾಗುತ್ತದೆ. ಮೂರನೇ ಸೆಮಿಸ್ಟರಿನಲ್ಲಿ ಕಂಗಾಲಾಗುವ ಮಕ್ಕಳು ಬಹಳ. ಡಿಪ್ಲೊಮಾ ಕೊನೆಯ ವರ್ಷದಲ್ಲೇ ಪಿಯುಸಿಯ ಕಲನಶಾಸ್ತ್ರದ ಅಧ್ಯಾಯಗಳನ್ನು ಸ್ವಂತವಾಗಿ ಓದಿಕೊಂಡರೆ ಈ ಪೆಟ್ಟು ಅರ್ಧ ಕಡಿಮೆ. ಮತ್ತೊಂದು ಮಾತು: ಡಿಪ್ಲೊಮಾ ಹಿಡಿದವರಿಗೆ ಜೀವಶಾಸ್ತ್ರ ಇರುವುದಿಲ್ಲ, ಡಾಕ್ಟರಾಗುವ ಆಸೆಯನ್ನು ಅಲ್ಲಿಗೇ ಬಿಡಬೇಕು. ಹದಿನಾರನೇ ವಯಸ್ಸಿಗೆ ಮನಸ್ಸು ಇನ್ನೂ ಎರಡು ಕಡೆ ತೂಗುತ್ತಿದ್ದರೆ ಪಿಯುಸಿಯೇ ಮೇಲು.

ಕೃಷಿ ಪದವಿಯ ದಾರಿ ನನಗೆ ತುಂಬ ಇಷ್ಟವಾದದ್ದು, ಏಕೆಂದರೆ ಅಲ್ಲಿ ಹೊಲದ ತಿಳಿವಳಿಕೆಗೂ ಅಂಕವಿದೆ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳಿಗೂ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೂ ಸಿಇಟಿ ಮೂಲಕವೇ ಪ್ರವೇಶ. ಆದರೆ ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳಿಗೆ ಪ್ರಾಯೋಗಿಕ ಪರೀಕ್ಷೆಯೊಂದು ಬೇರೆ ಇದೆ. ಕಾಳು, ಬೀಜ, ಗೊಬ್ಬರ, ಉಪಕರಣಗಳನ್ನು ನೋಡಿ ಗುರುತಿಸಬೇಕು. ನವಣೆ ಯಾವುದು, ಸಾಮೆ ಯಾವುದು? ಇದು ಯೂರಿಯಾನೋ ಪೊಟ್ಯಾಷೋ? ಊರಿನಲ್ಲಿ ಅಪ್ಪನ ಜೊತೆ ಕೂರಿಗೆ ಹಿಡಿದ ಹುಡುಗನಿಗೆ, ಅಮ್ಮನ ಜೊತೆ ಕಣದಲ್ಲಿ ಕಾಳು ತೂರಿದ ಹುಡುಗಿಗೆ ಇವಕ್ಕೆ ಯಾವ ಕೋಚಿಂಗೂ ಬೇಕಾಗಿಲ್ಲ. ಈ ಕೋಟಾಕ್ಕೆ ಜಮೀನಿನ ದಾಖಲೆ, ಕೃಷಿಕ ಕುಟುಂಬದ ಪ್ರಮಾಣಪತ್ರ, ಆದಾಯದ ಮಿತಿ ಎಲ್ಲ ಇವೆ. ಅರ್ಜಿಯಲ್ಲೇ ಇದನ್ನು ಕೇಳಿಕೊಂಡಿರಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಆದವರಿಗೆ ಕೃಷಿ ವಿಶ್ವವಿದ್ಯಾಲಯಗಳು ಕನ್ನಡ ಮಾಧ್ಯಮದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾವನ್ನೂ ನಡೆಸುತ್ತವೆ.

ಪ್ರವೇಶ ಪರೀಕ್ಷೆಯೇ ಇಲ್ಲದ ದಾರಿಗಳಲ್ಲಿ ಎಲ್ಲರ ಕಣ್ಣೆದುರೇ ಇರುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಬಿಎ, ಬಿಕಾಂ, ಬಿಎಸ್ಸಿ, ಬಿಸಿಎ ಯಾವುದಕ್ಕೂ ಪಿಯು ಅಂಕ ಸಾಕು. 2024ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೇ ಬಂದಿದೆ. ಕೆಎಎಸ್ ಪರೀಕ್ಷೆಗೆ, ಐಎಎಸ್ ಪರೀಕ್ಷೆಗೆ ಕೇಳುವುದು ಯಾವುದಾದರೂ ಒಂದು ಪದವಿ. ಕಂಪ್ಯೂಟರ್ ಓದಬೇಕೆಂಬ ಆಸೆಯಿದ್ದು ಸಿಇಟಿ ರ‍್ಯಾಂಕ್ ಕೈಕೊಟ್ಟವರು ಸಾಲ ಮಾಡಿ ಆಡಳಿತ ಮಂಡಳಿ ಸೀಟು ಕೊಳ್ಳುವ ಮುಂಚೆ ಬಿಸಿಎ ಬಗ್ಗೆ ಯೋಚಿಸಲಿ. ಮೂರು ವರ್ಷ ಬಿಸಿಎ, ಆಮೇಲೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆದು ಎರಡು ವರ್ಷ ಎಂಸಿಎ. ಬಿಇಗಿಂತ ಒಂದು ವರ್ಷ ಹೆಚ್ಚು ಹಿಡಿಯುತ್ತದೆ, ಖರ್ಚು ಎಷ್ಟೋ ಕಡಿಮೆ. ಹೊಲ ಮಾರಿ ಹೆಸರಿಲ್ಲದ ಕಾಲೇಜಿನ ಎಂಜಿನಿಯರಿಂಗ್ ಸೀಟು ಕೊಳ್ಳುವುದನ್ನು ನಾನು ಯಾರಿಗೂ ಹೇಳಲಾರೆ.

ಕಾನೂನಿನಲ್ಲೂ ಎರಡು ದಾರಿಗಳಿವೆ, ಎರಡನೆಯದು ಅನೇಕರಿಗೆ ಗೊತ್ತೇ ಇಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಅಲ್ಲಿ ಶೇ 25 ಮೀಸಲಾತಿಯೂ ಇದೆ. ಆದರೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪಿಯು ಅಂಕದ ಮೇಲೆ ಐದು ವರ್ಷದ, ಪದವಿ ಅಂಕದ ಮೇಲೆ ಮೂರು ವರ್ಷದ ಕಾನೂನು ಪದವಿಗೆ ಸೇರಬಹುದು. ಕೋರ್ಟಿನಲ್ಲಿ ಕರಿಕೋಟು ಹಾಕಲು ಎರಡೂ ಪದವಿ ನಡೆಯುತ್ತವೆ.

ಕೆಲಸಕ್ಕೆ ಹೋಗುವವರು, ಮದುವೆಯಾಗಿ ಓದು ನಿಂತವರು, ಅಂಗಡಿ ನೋಡಿಕೊಳ್ಳುವವರು ದೂರಶಿಕ್ಷಣದತ್ತ ನೋಡುತ್ತಾರೆ. 1996ರಲ್ಲಿ ಶುರುವಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ದೇಶದ ಮಟ್ಟದಲ್ಲಿ ಇಗ್ನೊ ಅವರಿಗಾಗಿ ಇವೆ. ಮಾನ್ಯತೆ ಇರುವ ದೂರಶಿಕ್ಷಣದ ಪದವಿ ನಿತ್ಯ ಕಾಲೇಜಿನ ಪದವಿಗೆ ಸಮ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಸ್ಪಷ್ಟ ಮಾಡಿದೆ. ಮಾನ್ಯತೆ ಎಂಬ ಆ ಪದವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಮಾನ್ಯತೆಯಿಲ್ಲ ಎಂದು 2015ರಲ್ಲಿ ಯುಜಿಸಿ ಹೇಳಿದಾಗ ಸಾವಿರಾರು ಮಂದಿ ಅತಂತ್ರರಾದರು. ಮಾನ್ಯತೆ ಮರಳಿದ್ದು 2018ರಲ್ಲಿ. ಈಗ ಅದು ಸರಿಯಾಗಿದೆ, ಆದರೂ ಯಾವ ಸಂಸ್ಥೆಗೇ ಸೇರಿ, ನೀವು ಸೇರುವ ವರ್ಷದಲ್ಲಿ ಆ ಸಂಸ್ಥೆಯ ಜೊತೆಗೆ ನಿಮ್ಮ ಕೋರ್ಸಿನ ಹೆಸರೂ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ಹಣ ಕಟ್ಟಿ. ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. ಕೊಡುತ್ತೇವೆ ಎನ್ನುವವರು ಮೋಸಗಾರರು. ಪಿಯುಸಿಯೇ ಮುಗಿಯದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. ಅಲ್ಲಿ ಐದು ವರ್ಷದ ಅವಧಿಯಲ್ಲಿ ವಿಷಯಗಳನ್ನು ಬಿಡಿಬಿಡಿಯಾಗಿ ಬರೆದು ಮುಗಿಸಬಹುದು.

ಯಾವ ದಾರಿ ಹಿಡಿದರೂ ಅಂಕದಷ್ಟೇ ಮುಖ್ಯವಾದದ್ದು ಕಾಗದಪತ್ರ. ಸಿಇಟಿ ಮೂಲಕ ಸರ್ಕಾರಿ ಸೀಟು ಪಡೆಯಲು ಸಾಮಾನ್ಯವಾಗಿ ರಾಜ್ಯದಲ್ಲಿ ಏಳು ವರ್ಷ ಓದಿರಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15 ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8. ಕಾಸರಗೋಡು, ಅಕ್ಕಲಕೋಟೆ, ಜತ್ತ ಕಡೆಯ ಗಡಿನಾಡ ಕನ್ನಡಿಗರ ಮಕ್ಕಳಿಗೂ ಅವಕಾಶವಿದೆ. ಅವರು 50 ಅಂಕದ ಕನ್ನಡ ಪರೀಕ್ಷೆಯಲ್ಲಿ ಕನಿಷ್ಠ 12 ಪಡೆಯಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯ ಶಿಕ್ಷಕರ ಸಹಿಯ ಜೊತೆ ಬಿಇಒ ಸಹಿ ಬೇಕು. ಎರಡು-ಮೂರು ಶಾಲೆ ಬದಲಿಸಿದ ಮಗುವಾದರೆ ಅಷ್ಟೂ ಶಾಲೆಗೆ ಓಡಾಡಬೇಕು. ಒಳ್ಳೆಯ ಅಂಕ ಇದ್ದೂ ಈ ಒಂದು ಹಾಳೆಯಿಲ್ಲದೆ ಮೀಸಲಾತಿ ಕಳೆದುಕೊಂಡು ಸಾಮಾನ್ಯ ಪಟ್ಟಿಗೆ ಬೀಳುವ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸೀಟು ಹಂಚಿಕೆಯಾದ ಮೇಲಿನ ನಾಲ್ಕು ಆಯ್ಕೆಗಳನ್ನು ಸೈಬರ್ ಅಂಗಡಿಯ ಹುಡುಗನ ಕೈಗೆ ಬಿಡಬೇಡಿ. ಒಂದನೆಯದು, ಸೀಟು ಒಪ್ಪಿ ಸೇರುವುದು. ಎರಡನೆಯದು, ಇದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು. ಮೂರನೆಯದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಪೂರ್ತಿ ಹೊರಬರುವುದು. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ಮೂರನ್ನು ಒತ್ತಿದರೆ ಕೈಯಲ್ಲಿದ್ದ ಸೀಟು ಹೋಯಿತು. ಅದಕ್ಕೂ ಮುಂಚೆ ಅಣಕು ಹಂಚಿಕೆಯ ಫಲಿತಾಂಶ ಬರುತ್ತದೆ. ಅದನ್ನು ನೋಡಿಕೊಂಡು ಕಾಲೇಜುಗಳ ಪಟ್ಟಿಯನ್ನು ಹಿಂದೆ ಮುಂದೆ ಮಾಡಲು ಸಮಯ ಕೊಟ್ಟಿರುತ್ತಾರೆ. ಆ ದಿನಗಳಲ್ಲಿ ಮಗುವಿನ ಜೊತೆ ಮನೆಯ ಹಿರಿಯರೊಬ್ಬರು ಕೂರಲಿ.

ಮತ್ತೆ ಕಾಗದಪತ್ರದ ಮಾತಿಗೆ ಬಂದರೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆಯೊಂದು ಇರುತ್ತದೆ, ಸಿಇಟಿ ಅರ್ಜಿಯಲ್ಲಿ ಅದನ್ನೇ ಕೇಳುತ್ತಾರೆ. ಅರ್ಜಿ ಶುರುವಾದ ಮೇಲೆ ನಾಡಕಚೇರಿಯಲ್ಲಿ ನೂಕುನುಗ್ಗಲು. ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೆಯೇ, ಇನಿಷಿಯಲ್ ಸಮೇತ, ಇದೆಯೇ ಎಂದು ನೋಡಿ. ಇಲ್ಲದಿದ್ದರೆ ದ್ವಿತೀಯ ಪಿಯು ತರಗತಿ ಶುರುವಾಗುವ ಮುಂಚೆಯೇ, ಆ ಬೇಸಿಗೆ ರಜೆಯಲ್ಲೇ, ಹೋಗಿ ತಿದ್ದಿಸಿಕೊಂಡು ಬನ್ನಿ.